ಹಂಪ್ ಮೇಲೆ ‘ಟಕ್’ ಎಂದದ್ದು ಯಾವುದು?

ಕಾರಿನ ಅಡಿಯಿಂದ ಬರುವ ಸದ್ದುಗಳಲ್ಲಿ ಒಂದಕ್ಕೆ ವಿಚಿತ್ರ ಸ್ವಭಾವವಿದೆ. ಕಿತ್ತುಹೋದ ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ತೆವಳುವಾಗ ಮುಂದಿನ ಚಕ್ರದ ಹತ್ತಿರ ‘ಟಕ ಟಕ’ ಎನ್ನುತ್ತದೆ. ಮನೆಯ ಗೇಟಿನ ಮುಂದಿನ ಇಳಿಜಾರಿಗೆ ಓರೆಯಾಗಿ ಹತ್ತಿಸಿದರೆ ಒಂದೇ ಸಲ ಗಟ್ಟಿಯಾಗಿ ‘ಟಕ್’. ಹೆದ್ದಾರಿಗೆ ಹೋದರೆ ಪತ್ತೆಯೇ ಇಲ್ಲ. ಎಫ್.ಎಂ. ಹಾಕಿದರೆ ಓಡಿಸುವವರಿಗೆ ಕೇಳಿಸದು, ಹಿಂದಿನ ಸೀಟಿನಲ್ಲಿ ಕೂತ ಮಾವನವರಿಗೆ ಮಾತ್ರ ಕೇಳಿಸುತ್ತದೆ. ಗ್ಯಾರೇಜಿನ ಹುಡುಗ ಪಕ್ಕದಲ್ಲಿ ಕೂತು ಒಂದು ರೌಂಡು ಬಂದಾಗಲಂತೂ ಬಾಯಿ ಬಿಡುವುದೇ ಇಲ್ಲ.

ಹೀಗೆ ಸದ್ದು ಮಾಡುವ ಕಾರನ್ನು ಗ್ಯಾರೇಜಿಗೆ ಒಯ್ದವರಿಗೆ ಮುಂದಿನ ಸಂಭಾಷಣೆ ಚಿರಪರಿಚಿತ.

“ಸಾರ್, ಶಾಕ್ ಹೋಗಿದೆ. ಎರಡೂ ಕಡೆ ಹಾಕ್ಬಿಡೋಣ, ಮೇಲ್ಗಡೆ ಮೌಂಟೂ ಸೇರಿಸಿ.”

“ಎಣ್ಣೆ ಸೋರ್ತಾ ಇಲ್ವಲ್ಲಪ್ಪ?”

“ಒಳಗೇ ವೀಕಾಗಿರತ್ತೆ ಸಾರ್. ಹಾಕ್ಸಿ, ಆಮೇಲೆ ಸೌಂಡ್ ಬಂದ್ರೆ ಕೇಳಿ.”

ಶಾಕ್ ಬದಲಾಗುತ್ತದೆ, ಬಿಲ್ಲು ಐದಂಕಿಯ ಹೊಸ್ತಿಲಿಗೆ ಹೋಗುತ್ತದೆ, ಕಾರು ಮನೆಗೆ ಬರುತ್ತದೆ. ಮಾರನೆಯ ದಿನ ಅದೇ ಗೇಟು, ಅದೇ ಇಳಿಜಾರು, ಅದೇ ‘ಟಕ್’. ಇದರಲ್ಲಿ ಮೋಸವೇ ಇರಬೇಕೆಂದಿಲ್ಲ. ಸದ್ದು ಮಾಡುತ್ತಿರುವ ಭಾಗ ಶಾಕ್ ಅಬ್ಸಾರ್ಬರ್‌ನ ಮೈಗೇ ಬೋಲ್ಟಾಗಿ ಕೂತಿರುವುದರಿಂದ, ಕಿವಿಗೆ ಎರಡೂ ಒಂದೇ ಜಾಗದಿಂದ ಬಂದಂತೆ ಕೇಳುತ್ತದೆ. ಆದರೆ ಬೆಲೆಯಲ್ಲಿ ಅಜಗಜಾಂತರ. ಅಂಗಡಿಯಲ್ಲಿ ‘ಲಿಂಕ್ ರಾಡ್’ ಎಂದು ಕೇಳಿದರೆ ಕೊಡುವ ಈ ತುಂಡು ಸಣ್ಣ ಕಾರುಗಳಿಗಾದರೆ ಜೋಡಿಗೆ ಸಾವಿರದಿಂದ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಅದರ ಸಂಗಾತಿಯಾದ ರಬ್ಬರ್ ಬುಷ್‌ಗಳಿಗೆ ಇನ್ನೂ ಕಡಿಮೆ. ಮುಂದಿನ ಸಸ್ಪೆನ್ಷನ್ನಿನಲ್ಲಿ ಇಷ್ಟು ಅಗ್ಗದ, ಇಷ್ಟು ಗಲಾಟೆಯ ಭಾಗ ಇನ್ನೊಂದಿಲ್ಲ. ಅದಕ್ಕೇ ನನ್ನ ವಾದ ಇಷ್ಟೇ: ಸದ್ದು ಬಂದರೆ ಮೊದಲು ಲಿಂಕ್ ಮತ್ತು ಬುಷ್ ನೋಡಿ, ಅದೂ ಸರಿಯಾದ ರೀತಿಯಲ್ಲಿ ನೋಡಿ, ಆಮೇಲೆ ಶಾಕ್ ಮಾತಾಡಿ.

ನೋಡುವುದು ಕಷ್ಟವೇನಲ್ಲ. ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಮುಂಚಕ್ರದ ಹಿಂದೆ ಟಾರ್ಚು ಬಿಡಿ. ಸ್ಪ್ರಿಂಗು ಸುತ್ತಿದ ದಪ್ಪ ಕೊಳವೆ ಕಾಣುತ್ತದಲ್ಲ, ಅದು ಸ್ಟ್ರಟ್; ನಾವು ಶಾಕ್ ಎನ್ನುವುದು ಅದನ್ನೇ. ಅದರ ಪಕ್ಕಕ್ಕೆ ಬೆರಳುಗಾತ್ರದ ಒಂದು ಕಡ್ಡಿ ನೆಟ್ಟಗೆ ಕೆಳಗಿಳಿದಿರುತ್ತದೆ. ಅದರ ಎರಡೂ ತುದಿಯಲ್ಲಿ ಗೋಲಿಯಷ್ಟು ದೊಡ್ಡ ಬಾಲ್ ಜಾಯಿಂಟು, ಅದರ ಮೇಲೆ ಕಪ್ಪು ರಬ್ಬರಿನ ಟೋಪಿ. ಇದೇ ಲಿಂಕ್. ಮೇಲಿನ ತುದಿ ಸ್ಟ್ರಟ್‌ಗೆ, ಕೆಳಗಿನ ತುದಿ ಒಂದು ಬಾಗಿದ ಉಕ್ಕಿನ ಸರಳಿಗೆ. ಆ ಸರಳು ಅಲ್ಲಿಂದ ಇಂಜಿನ್ನಿನ ಕೆಳಗೆ ಅಡ್ಡಲಾಗಿ ಹಾದು ಆಚೆ ಚಕ್ರದ ಲಿಂಕನ್ನು ಹೋಗಿ ಸೇರುತ್ತದೆ. ನಡುವೆ ಎರಡು ಕಡೆ ಅದನ್ನು ಕಾರಿನ ಚೌಕಟ್ಟಿಗೆ ಹಿಡಿದಿಟ್ಟಿರುವುದು ಇಂಗ್ಲಿಷಿನ ‘ಡಿ’ ಆಕಾರದ ರಬ್ಬರ್ ಬುಷ್, ಅದರ ಮೇಲೆ ತಗಡಿನ ಕ್ಲಾಂಪು. ಸರಳಿನ ಹೆಸರು ಸ್ಟೆಬಿಲೈಸರ್ ಬಾರ್. ಆ್ಯಂಟಿ ರೋಲ್ ಬಾರ್, ಸ್ವೇ ಬಾರ್ ಎಂದರೂ ಅದೇ.

ಈ ಸರಳಿನ ಕೆಲಸದಲ್ಲಿ ಒಂದು ಸೊಗಸಿದೆ. ಎರಡೂ ಮುಂಚಕ್ರಗಳು ಒಟ್ಟಿಗೇ ಮೇಲೆದ್ದರೆ ಅದು ಏನನ್ನೂ ಮಾಡುವುದಿಲ್ಲ. ಬುಷ್‌ಗಳೊಳಗೆ ಸುಮ್ಮನೆ ಹೊರಳುತ್ತದೆ. ಒಂದು ಚಕ್ರ ಎದ್ದು ಇನ್ನೊಂದು ಇಳಿದಾಗ ಮಾತ್ರ ಎಚ್ಚೆತ್ತುಕೊಳ್ಳುತ್ತದೆ. ಒದ್ದೆ ಪಂಚೆಯ ಎರಡು ತುದಿಯನ್ನು ಇಬ್ಬರು ಹಿಡಿದು ಹಿಂಡಿದಾಗ ಅದು ತಿರುಚಿಕೊಳ್ಳುವ ಹಾಗೆ ಸರಳು ತಿರುಚಿಕೊಳ್ಳುತ್ತದೆ. ಆದರೆ ಇದು ಸ್ಪ್ರಿಂಗ್ ಉಕ್ಕು, ತಿರುಚಿದಷ್ಟೂ ಬಿಚ್ಚಿಕೊಳ್ಳಲು ಹೆಣಗುತ್ತದೆ. ತಿರುವಿನಲ್ಲಿ ಕಾರು ಹೊರಗಡೆಗೆ ವಾಲಿ, ಹೊರಚಕ್ರದ ಸ್ಪ್ರಿಂಗು ಕುಗ್ಗಿ, ಒಳಚಕ್ರದ್ದು ಹಿಗ್ಗಿದಾಗ ಈ ಹೆಣಗಾಟವೇ ಕಾರನ್ನು ಮಟ್ಟಕ್ಕೆ ಎಳೆಯುವುದು. ಆಗುಂಬೆ ಘಾಟಿಯ ತಿರುವುಗಳಲ್ಲಿ ಹಿಂದೆ ಕೂತವರು ಒಬ್ಬರ ಮೇಲೊಬ್ಬರು ಬೀಳದಂತೆ ನೋಡಿಕೊಳ್ಳುವವರಲ್ಲಿ ಈ ಸರಳೂ ಒಬ್ಬ.

ಸರಳಿನ ಬಿಗುವು ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. 20 ಮಿ.ಮೀ. ಸರಳನ್ನು 22 ಮಿ.ಮೀ. ಮಾಡಿದರೆ ದಪ್ಪ ಹೆಚ್ಚುವುದು ಶೇ. 10, ಬಿಗುವು ಹೆಚ್ಚುವುದು ಶೇ. 46. 24 ಮಿ.ಮೀ. ಮಾಡಿದರೆ ದುಪ್ಪಟ್ಟಿಗಿಂತ ತುಸು ಜಾಸ್ತಿ. ತಿರುಚುವ ಬಲವನ್ನು ಹೊರುವುದು ಬಹುತೇಕ ಹೊರಮೈಯೇ ಆದ್ದರಿಂದ, ವ್ಯಾಸದ ಅರ್ಧದಷ್ಟು ಅಗಲಕ್ಕೆ ಒಳಗೆ ಪೊಳ್ಳು ಮಾಡಿದರೂ ಕಳೆದುಕೊಳ್ಳುವ ಬಿಗುವು ಹದಿನಾರರಲ್ಲಿ ಒಂದು ಪಾಲು, ಉಳಿತಾಯವಾಗುವ ತೂಕ ಕಾಲು ಪಾಲು. ಕೆಲವು ಕಾರುಗಳಲ್ಲಿ ಪೊಳ್ಳು ಸರಳು ಹಾಕುವುದು ಈ ಲೆಕ್ಕದಿಂದ. ಈ ನಾಲ್ಕನೇ ಘಾತದ ಮಾತನ್ನು ನೆನಪಿಟ್ಟುಕೊಳ್ಳಿ, ಬುಷ್ ಕೊಳ್ಳುವಾಗ ದಪ್ಪದ ಪ್ರಶ್ನೆ ಮತ್ತೆ ಬರುತ್ತದೆ.

ಇಂಥ ಸರಳಿಗೆ ಮೊದಲ ಪೇಟೆಂಟ್ ಸಿಕ್ಕಿದ್ದು 1919ರಲ್ಲಿ, ಕೆನಡಾದ ಫ್ರೆಡೆರಿಕ್ಟನ್ ಊರಿನ ಸ್ಟೀಫನ್ ಕೋಲ್ಮನ್ ಎಂಬಾತನಿಗೆ. ಆದರೆ ಆಗಿನ ಕಾರುಗಳ ಸಸ್ಪೆನ್ಷನ್ನೇ ಬಹಳ ಗಡಸು, ವಾಲುವುದಕ್ಕೆ ಆಸ್ಪದವೇ ಕಡಿಮೆ. ಎರಡನೇ ಮಹಾಯುದ್ಧದ ನಂತರ ಕಾಯಿಲ್ ಸ್ಪ್ರಿಂಗುಗಳು ಮೆತ್ತಗಾದವು, ಸವಾರಿ ಹಿತವಾಯಿತು, ತಿರುವಿನಲ್ಲಿ ಕಾರು ವಾಲತೊಡಗಿತು. ಸರಳು ಸಾಮಾನ್ಯ ಕಾರುಗಳಿಗೆ ಬಂದದ್ದು ಆಗ. 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್, ಝೆಫಿರ್ ಕಾರುಗಳಲ್ಲಿ ಅರ್ಲ್ ಮ್ಯಾಕ್‌ಫರ್ಸನ್‌ನ ಸ್ಟ್ರಟ್ ಬಂದಾಗ ಸರಳಿಗೆ ಇನ್ನೊಂದು ನೌಕರಿಯೂ ಅಂಟಿಕೊಂಡಿತು: ವಾಲಿಕೆ ತಡೆಯುವುದರ ಜತೆಗೆ, ಚಕ್ರ ಹಿಂದೆ ಮುಂದೆ ಸರಿಯದಂತೆ, ಅದನ್ನು ಕೆಳಗಡೆ ಚೌಕಟ್ಟಿಗೆ ಜೋಡಿಸುವ ಲೋಯರ್ ಆರ್ಮನ್ನು ಹಿಡಿದುಕೊಳ್ಳುವುದು. ಒಂದೇ ಸರಳಿನಿಂದ ಎರಡು ಕೆಲಸ, ಒಂದು ಬಿಡಿಭಾಗದ ಉಳಿತಾಯ.

ಈ ಉಳಿತಾಯ ನಮ್ಮ ಬೀದಿಗಳಿಗೂ ಬಂತು. 1983ರಲ್ಲಿ ಮಾರುತಿ 800 ಬಂದಾಗ ಅದರ ಮುಂದಿನ ಸಸ್ಪೆನ್ಷನ್ ಇದೇ ಬಗೆಯದು. ಆಮೇಲೆ ಬಂದ ಆಲ್ಟೋದ್ದೂ ಅದೇ. ಆಲ್ಟೋದ ತಾಂತ್ರಿಕ ವಿವರದಲ್ಲಿ ‘ಟಾರ್ಷನ್ ಟೈಪ್ ರೋಲ್ ಕಂಟ್ರೋಲ್ ಡಿವೈಸ್’ ಎಂದು ಘನಗಂಭೀರವಾಗಿ ಬರೆದಿರುವುದು ಈ ಸರಳನ್ನೇ. ಇವುಗಳಲ್ಲಿ ಉದ್ದನೆಯ ಲಿಂಕ್ ಇಲ್ಲ. ಸರಳಿನ ತುದಿಯೇ ಲೋಯರ್ ಆರ್ಮಿನ ತೂತಿನಲ್ಲಿ ತೂರಿ, ಎರಡೂ ಬದಿಗೆ ರಬ್ಬರ್ ಬುಷ್ ಹಾಕಿಸಿಕೊಂಡು, ನಟ್ ಬಿಗಿಸಿಕೊಂಡು ಕೂತಿರುತ್ತದೆ. ಆದ್ದರಿಂದ ಈ ಕಾರುಗಳಲ್ಲಿ ಬುಷ್ ಸವೆದರೆ ಸದ್ದಿನ ಜತೆಗೆ ಬ್ರೇಕ್ ಒತ್ತಿದಾಗಲೆಲ್ಲ ಚಕ್ರವೂ ಕೂದಲೆಳೆಯಷ್ಟು ಹಿಂದಕ್ಕೆ ಜರುಗುತ್ತದೆ, ಸ್ಟೀರಿಂಗ್ ಒಂದು ಕಡೆ ಎಳೆಯುತ್ತದೆ. ಉಳಿದ ಕಾರುಗಳ ಲಿಂಕ್ ಸದ್ದನ್ನು ಒಂದಷ್ಟು ದಿನ ಸಹಿಸಬಹುದು. 800, ಆಲ್ಟೋಗಳಲ್ಲಿ ಈ ಬುಷ್ ಸವೆದದ್ದನ್ನು ಸಹಿಸಬಾರದು. (ಅಂದಹಾಗೆ, ಅದಕ್ಕಿಂತ ಹಳೆಯ ಅಂಬಾಸಿಡರ್‌ನಲ್ಲಿ ಮುಂದಿನ ಸ್ಪ್ರಿಂಗೇ ತಿರುಚುವ ಸರಳು. ಅದರ ಸದ್ದುಗಳ ಬಗ್ಗೆ ಬರೆಯಲು ಬೇರೆಯೇ ಅಂಕಣ ಬೇಕು.)

ಇಷ್ಟು ಗೊತ್ತಾದರೆ ಲಿಂಕ್ ಏಕೆ ಸವೆಯುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಎರಡೂ ಚಕ್ರ ಒಟ್ಟಿಗೆ ಏರಿ ಇಳಿದರೆ ಅದಕ್ಕೆ ಭಾರವಿಲ್ಲ, ಒಂದೊಂದೇ ಏರಿದರೆ ಭಾರ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ 25 ಕಿ.ಮೀ. ವೇಗದಲ್ಲಿ ದಾಟಬೇಕಾದ ದುಂಡನೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಆ ಅಳತೆಯ ಹಂಪನ್ನು ನೇರವಾಗಿ ಹತ್ತಿ ಇಳಿದರೆ ಲಿಂಕಿಗೆ ಗೊತ್ತೇ ಆಗುವುದಿಲ್ಲ. ನಮ್ಮಲ್ಲಿ ಅಂಗಡಿಯ ಮುಂದೆ ರಾತ್ರೋರಾತ್ರಿ ಎದ್ದ ಹಂಪುಗಳಿಗೆ ಅಳತೆಯೇ ಇಲ್ಲ. ಮೋರಿಯ ಕಡೆಗೆ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ, ಜಾಣ ಚಾಲಕರು ಎಡಚಕ್ರವನ್ನು ಆ ಸಂದಿಯಲ್ಲಿ ತೂರಿಸಿ ಬಲಚಕ್ರವನ್ನಷ್ಟೇ ಹತ್ತಿಸುತ್ತಾರೆ. ಅರ್ಧ ಹಂಪ್ ಉಳಿಸಿದ ಸಮಾಧಾನ ಅವರಿಗೆ. ಸರಳಿಗೆ ಅದು ಪೂರ್ತಿ ತಿರುಚು, ಲಿಂಕಿಗೆ ಪೂರ್ತಿ ಹೊಡೆತ. ಹಂಪಿಗೆ ಓರೆಯಾಗಿ ಹೋಗುವುದೂ ಅದೇ ಜಾತಿ. ಗ್ರೌಂಡ್ ಕ್ಲಿಯರೆನ್ಸ್ ಕಡಿಮೆ ಇರುವವರು ಹೊಟ್ಟೆ ಉಜ್ಜದಿರಲೆಂದು ಹಾಗೆ ಹೋಗಲೇಬೇಕಾಗುತ್ತದೆ, ಅದು ಬೇರೆ ಮಾತು. ಒಂದು ಬದಿಯ ಚಕ್ರವಷ್ಟೇ ಬೀಳುವ ಗುಂಡಿಗಳು, ಕೇಬಲ್ಲಿಗೆಂದು ಅಗೆದು ಅರೆಬರೆ ಮುಚ್ಚಿದ ಸಾಲುಗಳು, ರಸ್ತೆಗಿಂತ ತಗ್ಗಿಗಿಳಿದ ಮ್ಯಾನ್‌ಹೋಲ್ ಮುಚ್ಚಳಗಳು, ಎಲ್ಲವೂ ಲಿಂಕಿನ ಆಯಸ್ಸನ್ನು ತಿನ್ನುವಂಥವೇ.

ಆದರೂ ಸಾವು ಬರುವುದು ಬಹುತೇಕ ಹೊಡೆತದಿಂದಲ್ಲ, ಟೋಪಿ ಹರಿದು. ಬಾಲ್ ಜಾಯಿಂಟಿನೊಳಗೆ ಪಾಲಿಷ್ ಮಾಡಿದ ಉಕ್ಕಿನ ಗೋಲಿ ಪ್ಲಾಸ್ಟಿಕ್ ಬಟ್ಟಲೊಂದರಲ್ಲಿ ಗ್ರೀಸಿನ ನಡುವೆ ಹೊರಳುತ್ತಿರುತ್ತದೆ. ಮೇಲಿನ ರಬ್ಬರ್ ಟೋಪಿ ಬಿರಿದರೆ ಗ್ರೀಸು ಹೊರಗೆ, ಮಳೆನೀರು ಮತ್ತು ಮಣ್ಣು ಒಳಗೆ. ಗೋಲಿಗೆ ತುಕ್ಕು, ಬಟ್ಟಲಿಗೆ ಸವೆತ. ಅರ್ಧ ಮಿಲಿಮೀಟರ್ ಸಡಿಲವಾದರೂ ಸಾಕು, ಚಕ್ರ ಏರಿದಾಗ ಗೋಲಿ ಬಟ್ಟಲಿನ ಒಂದು ಗೋಡೆಗೆ, ಇಳಿದಾಗ ಇನ್ನೊಂದಕ್ಕೆ ಬಡಿಯುತ್ತದೆ. ‘ಟಕ ಟಕ’ ಇದೇ. ಉದ್ದನೆಯ ತಿರುವಿನಲ್ಲಿ ಸದ್ದು ಬರದಿರುವುದಕ್ಕೂ ಕಾರಣ ಇಲ್ಲಿದೆ: ಸರಳು ತಿರುಚಿ ನಿಂತಾಗ ಗೋಲಿ ಒಂದೇ ಗೋಡೆಗೆ ಒತ್ತಿಕೊಂಡಿರುತ್ತದೆ, ಬಡಿಯಲು ಅವಕಾಶವಿಲ್ಲ. ವೇಗದಲ್ಲಿ ಟೈರು ಮತ್ತು ಗಾಳಿಯ ಸದ್ದು ಇದನ್ನು ಮುಚ್ಚಿಬಿಡುತ್ತದೆ. ಇಂಜಿನ್ನಿನ ಗದ್ದಲವೇ ಇಲ್ಲದ ವಿದ್ಯುತ್ ಕಾರುಗಳಲ್ಲಿ ಈ ಮುಚ್ಚುಮರೆಯೂ ಇಲ್ಲ, ಪೆಟ್ರೋಲ್ ಕಾರಿನಲ್ಲಿ ಯಾರ ಗಮನಕ್ಕೂ ಬಾರದ ಸಡಿಲ ಅಲ್ಲಿ ಮೊದಲ ದಿನವೇ ಕಿವಿಗೆ ಬೀಳುತ್ತದೆ.

ಬುಷ್‌ಗಳ ಕಥೆ ನಿಧಾನದ್ದು. ರಬ್ಬರ್ ಒಣಗಿ ಗಟ್ಟಿಯಾಗಿ ಬಿರಿಯುತ್ತದೆ. ಸರಳಿಗೂ ರಬ್ಬರಿಗೂ ನಡುವೆ ಸೇರಿದ ಮರಳು ಎರಡನ್ನೂ ತೇಯುತ್ತದೆ. ಇಂಜಿನ್ ಆಯಿಲ್ ಸೋರಿ ಮೇಲೆ ತೊಟ್ಟಿಕ್ಕಿದರಂತೂ ನೈಸರ್ಗಿಕ ರಬ್ಬರ್ ಊದಿಕೊಂಡು ಮೆತ್ತಗಾಗಿ ಪುಡಿಯುದುರುತ್ತದೆ. ಬೇಸಗೆಯ ಒಣದಿನಗಳಲ್ಲಿ ‘ಕಿರ್ ಕಿರ್’ ಎಂದು ನರಳಿ, ಮಳೆ ಬಂದ ಕೂಡಲೇ ಸುಮ್ಮನಾದರೆ ಅದು ಹೆಚ್ಚಿನಂಶ ಬುಷ್‌. ನೀರೇ ಅದಕ್ಕೆ ಜಾರುಮದ್ದು. ಸವೆತ ಹೆಚ್ಚಾದ ಮೇಲೆ ನರಳಾಟ ಹೋಗಿ ಮಂದವಾದ ‘ದಬ್’ ಶುರುವಾಗುತ್ತದೆ.

ಈಗ ಪತ್ತೆಯ ವಿಷಯ. ಗ್ಯಾರೇಜುಗಳಲ್ಲಿ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಸಾಮಾನ್ಯವಾಗಿ ಮಾಡುವುದೇನು? ಒಂದು ಕಡೆಗೆ ಜ್ಯಾಕ್ ಕೊಟ್ಟು ಚಕ್ರ ಎತ್ತಿ, ಚಕ್ರವನ್ನು ಅಲ್ಲಾಡಿಸಿ, ಲಿಂಕನ್ನು ಹಿಡಿದು ಜಗ್ಗಿ, “ಇದು ಟೈಟಾಗೇ ಇದೆ ಸಾರ್” ಎನ್ನುವುದು. ಟೈಟಾಗಿ ಇರಲೇಬೇಕು. ಒಂದು ಚಕ್ರ ಮಾತ್ರ ನೇತಾಡುತ್ತಿರುವಾಗ ಸರಳು ತಿರುಚಿಕೊಂಡಿರುತ್ತದೆ, ಲಿಂಕನ್ನು ಬಲವಾಗಿ ಒಂದು ಕಡೆ ಎಳೆದು ಹಿಡಿದಿರುತ್ತದೆ. ಎಷ್ಟೇ ಸವೆದ ಜಾಯಿಂಟಾದರೂ ಆಗ ಬಿಗಿಯಾಗಿಯೇ ತೋರುತ್ತದೆ. ಪರೀಕ್ಷೆ ಮಾಡಬೇಕಾದ್ದು ಎರಡೂ ಚಕ್ರ ನೆಲದ ಮೇಲಿರುವಾಗ ಅಥವಾ ಎರಡೂ ಸಮನಾಗಿ ಮೇಲೆದ್ದಿರುವಾಗ. ಕಾರನ್ನು ಸರ್ವಿಸ್ ಗುಂಡಿಯ ಮೇಲೋ, ಚಕ್ರಗಳನ್ನೇ ಹೊತ್ತು ನಿಲ್ಲುವ ರ್‍ಯಾಂಪಿನ ಮೇಲೋ ನಿಲ್ಲಿಸಿ, ಲಿಂಕಿನ ನಡುವನ್ನು ಮುಷ್ಟಿಯಲ್ಲಿ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಜೋರಾಗಿ ಅಲ್ಲಾಡಿಸಬೇಕು. ಲಿಂಕ್ ತನ್ನ ಸುತ್ತ ಅಷ್ಟಿಷ್ಟು ಹೊರಳಬಹುದು, ಅದು ಬಾಲ್ ಜಾಯಿಂಟಿನ ಗುಣ. ಆದರೆ ಕೈಗೆ ‘ಕಟಕ್’ ಎಂದು ತಾಗಿದರೆ ಅದರ ಕಾಲ ಮುಗಿದಿದೆ. ಅದೇ ಭಂಗಿಯಲ್ಲಿ ಸರಳನ್ನೂ ಬುಷ್‌ನ ಹತ್ತಿರ ಹಿಡಿದು ಅಲ್ಲಾಡಿಸಿ. ರಬ್ಬರಿಗೂ ಉಕ್ಕಿಗೂ ನಡುವೆ ಬೆಳಕು ಕಂಡರೆ ಬುಷ್‌ಗೂ ಅದೇ ತೀರ್ಪು.

ಇದರಿಂದಲೂ ಅನುಮಾನ ತೀರದಿದ್ದರೆ ಹಳೆಯ ಮೆಕ್ಯಾನಿಕ್‌ಗಳು ಮಾಡುವ ಒಂದು ಉಪಾಯವಿದೆ, ನನಗೆ ಬಹಳ ಹಿಡಿಸಿದ್ದು. ಎರಡೂ ಲಿಂಕ್ ಬಿಚ್ಚಿ ಪಕ್ಕಕ್ಕಿಟ್ಟು, ಸರಳಿನ ತುದಿಗಳು ಟೈರಿಗಾಗಲಿ ಬ್ರೇಕ್ ಹೋಸಿಗಾಗಲಿ ಆಕ್ಸಲ್ಲಿಗಾಗಲಿ ತಾಗದಂತೆ ತಂತಿಯಿಂದ ಕಟ್ಟಿ, ಅದೇ ಹಾಳು ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಹೋಗಿ ಬರುವುದು. ಕಾರು ಮಾಮೂಲಿಗಿಂತ ಹೆಚ್ಚು ವಾಲುತ್ತದೆ, ಆದ್ದರಿಂದ ಬೀದಿಯ ಆಚೆ ಹೋಗಬೇಡಿ. ಸದ್ದು ನಿಂತಿದ್ದರೆ ಕಳ್ಳ ಸಿಕ್ಕ. ಸದ್ದು ಹಾಗೇ ಇದ್ದರೆ ಲಿಂಕ್ ನಿರಪರಾಧಿ, ದುಡ್ಡು ಕೊಡುವ ಮೊದಲೇ ಗೊತ್ತಾಯಿತು. ಅರ್ಧ ಗಂಟೆಯ ಈ ಕೆಲಸಕ್ಕೆ ಕೂಲಿ ಕೊಟ್ಟರೂ ಲಾಭವೇ.

ಗ್ಯಾರೇಜಿಗೆ ಹೋಗುವ ಮುಂಚೆ ನೀವೇ ಕಿವಿಯಿಂದ ಒಂದಿಷ್ಟು ಸೋಸಿಕೊಳ್ಳಬಹುದು. ಒಳ್ಳೆಯ ಅಳತೆಯ ಹಂಪನ್ನು ಒಮ್ಮೆ ನೇರವಾಗಿ, ಒಮ್ಮೆ ಓರೆಯಾಗಿ ದಾಟಿ ನೋಡಿ. ಓರೆಗೆ ಮಾತ್ರ ಸದ್ದಾದರೆ ಲಿಂಕಿನ ಮೇಲೆ ಅನುಮಾನ ಗಟ್ಟಿ. ನಿಂತ ಕಾರಿನಲ್ಲಿ ಸ್ಟೀರಿಂಗ್ ತಿರುಗಿಸುವಾಗ ‘ಟಣ್’ ಎಂದು ಸ್ಪ್ರಿಂಗು ಜಿಗಿದಂತಾದರೆ ಸ್ಟ್ರಟ್ ಮೌಂಟಿನ ಬೇರಿಂಗು ನೋಡಬೇಕು. ಪೂರ್ತಿ ತಿರುಗಿಸಿ ಓಡಿಸುವಾಗ ತಾಳಬದ್ಧವಾಗಿ ‘ಕಟ ಕಟ ಕಟ’ ಬಂದರೆ ಆಕ್ಸಲ್ಲಿನ ಜಾಯಿಂಟು. ಬ್ರೇಕ್ ಹಿಡಿದಾಗ, ಬಿಟ್ಟಾಗ ಒಂದೊಂದೇ ‘ಟಕ್’ ಬಂದರೆ ಲೋಯರ್ ಆರ್ಮಿನ ಬುಷ್ ಅಥವಾ ಮೇಲೆ ಹೇಳಿದ ಆಲ್ಟೋ ಮಾದರಿಯ ಸರಳಿನ ತುದಿ. ಶಾಕ್ ಹೋದ ಕಾರಿನ ಲಕ್ಷಣ ಸದ್ದಿಗಿಂತ ಕುಣಿತದಲ್ಲಿ ಹೆಚ್ಚು ಕಾಣುತ್ತದೆ: ಉಬ್ಬು ದಾಟಿದ ಮೇಲೂ ಮೂತಿ ಎರಡು ಮೂರು ಸಲ ತೂಗುತ್ತದೆ, ಸ್ಟ್ರಟ್ಟಿನ ಮೈ ಎಣ್ಣೆಯಿಂದ ಜಿಡ್ಡುಜಿಡ್ಡಾಗಿರುತ್ತದೆ. ಈ ಎರಡೂ ಇಲ್ಲದ ಕಾರಿಗೆ ಶಾಕ್ ಬರೆದುಕೊಟ್ಟರೆ ಇನ್ನೊಂದು ಪ್ರಶ್ನೆ ಕೇಳಿ.

ಭಾಗ ಕೊಳ್ಳುವಾಗ ಎರಡು ಎಚ್ಚರ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಅಲ್ಲಿ ಕಂಪನಿಯ ಅಸಲಿ ಮಾಲು, ಕಂಪನಿಗೇ ಪೂರೈಸುವವರ ಮಾಲು, ಅಸಲಿಯ ಡಬ್ಬಿಯಲ್ಲಿ ಕೂತ ನಕಲಿ ಮಾಲು ಮೂರೂ ಸಿಗುತ್ತವೆ. ಲಿಂಕಿನ ವಿಷಯದಲ್ಲಿ ಬೆಲೆಯ ವ್ಯತ್ಯಾಸ ಎಷ್ಟು ಕಡಿಮೆಯೆಂದರೆ ಇಲ್ಲಿ ಜಿಪುಣತನ ಮಾಡುವುದರಲ್ಲಿ ಅರ್ಥವಿಲ್ಲ. ನಕಲಿಯ ಟೋಪಿ ಒಂದು ಮಳೆಗಾಲಕ್ಕೇ ಬಿರಿದರೆ ಕೂಲಿ ಎರಡನೇ ಸಲ ಕೊಡಬೇಕು. ಇನ್ನೊಂದು, ಬುಷ್‌ನ ಒಳವ್ಯಾಸ. ಒಂದೇ ಹೆಸರಿನ ಕಾರಿನಲ್ಲಿ ಪೆಟ್ರೋಲ್ ಮಾದರಿಗೆ ಒಂದು ದಪ್ಪದ ಸರಳು, ಭಾರದ ಇಂಜಿನ್ನಿನ ಡೀಸೆಲ್ ಮಾದರಿಗೆ ಇನ್ನೊಂದು ದಪ್ಪದ್ದು ಇರುವುದುಂಟು. ಬಿಗುವಿನ ಲೆಕ್ಕದಲ್ಲಿ ಕಂಪನಿಗೆ ಒಂದೆರಡು ಮಿಲಿಮೀಟರೇ ಬೇಕಾದಷ್ಟಾಯಿತು. ನಿಮಗೆ ಅದೇ ಒಂದು ಮಿಲಿಮೀಟರ್ ಹೊಸ ಬುಷ್ ಹಾಕಿದ ದಿನವೇ ಸದ್ದು ಮಾಡಲು ಸಾಕು. ಹಳೆಯ ಸರಳನ್ನು ವರ್ನಿಯರ್‌ನಲ್ಲಿ ಅಳೆದು ಹೋಗಿ, ಇಲ್ಲವೇ ಚಾಸಿ ನಂಬರ್ ಕೊಟ್ಟು ತರಿಸಿ. ಲಿಂಕನ್ನು ಯಾವಾಗಲೂ ಜೋಡಿಯಾಗಿ ಬದಲಿಸುವುದು ಒಳ್ಳೆಯದು. ಎರಡೂ ಓಡಿದ್ದು ಒಂದೇ ರಸ್ತೆಯಲ್ಲಿ. ಕೆಲವು ಕಾರುಗಳಲ್ಲಿ ಎಡ ಬಲ ಬೇರೆ ಬೇರೆ, ಅದನ್ನೂ ನೋಡಿಕೊಳ್ಳಿ.

ಕೈ ಚುರುಕಿರುವವರು ಲಿಂಕನ್ನು ಮನೆಯಲ್ಲೇ ಬದಲಿಸಬಹುದು. ಒಂದು ಷರತ್ತು: ಪಂಚರ್ ಜ್ಯಾಕನ್ನೇ ನಂಬಿ ಕಾರಿನಡಿ ತಲೆ ಹಾಕಬಾರದು. ಸ್ಟ್ಯಾಂಡ್ ಕೊಡಲೇಬೇಕು, ಇಟ್ಟಿಗೆ, ಹಾಲೋ ಬ್ಲಾಕು ಸ್ಟ್ಯಾಂಡ್ ಅಲ್ಲ, ಯಾವ ಮುನ್ಸೂಚನೆಯೂ ಇಲ್ಲದೆ ಒಡೆಯುತ್ತವೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಎರಡೂ ಬದಿಯನ್ನು ಒಂದೇ ಮಟ್ಟಕ್ಕೆ ಎತ್ತಿ ನಿಲ್ಲಿಸಿ. ಒಂದೇ ಬದಿ ಎತ್ತಿದರೆ ಆಗಲೇ ಹೇಳಿದ ತಿರುಚು ಇಲ್ಲೂ ಕಾಡುತ್ತದೆ: ಹಳೆಯ ಲಿಂಕ್ ಬಿಚ್ಚುತ್ತಲೇ ಸರಳು ಚಿಮ್ಮುತ್ತದೆ, ಹೊಸ ಲಿಂಕಿನ ಬೋಲ್ಟು ತೂತಿಗೆ ಕೂರುವುದಿಲ್ಲ, ಆಮೇಲೆ ಸುತ್ತಿಗೆ ಹುಡುಕುವ ಕೆಲಸ.

ನಿಜವಾದ ಕದನ ನಟ್ ಬಿಚ್ಚುವುದರಲ್ಲಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ. ನಟ್ ತಿರುಗಿಸಿದಂತೆಲ್ಲ ಒಳಗಿನ ಗೋಲಿಯೂ ಜತೆಗೇ ತಿರುಗುತ್ತದೆ, ಅದಕ್ಕೇ ಬೋಲ್ಟಿನ ತುದಿಯಲ್ಲಿ ಅಲೆನ್ ಕೀ ತೂರಿಸಲು ಗುಳಿಯೋ, ಜಾಯಿಂಟಿನ ಬೆನ್ನಿನಲ್ಲಿ ಸ್ಪ್ಯಾನರ್ ಹಿಡಿಸಲು ಚಪ್ಪಟೆ ಜಾಗವೋ ಇರುತ್ತದೆ. ಒಂದು ಕೈಯಲ್ಲಿ ಅದನ್ನು ಅಲ್ಲಾಡದಂತೆ ಹಿಡಿದು ಇನ್ನೊಂದರಲ್ಲಿ ನಟ್ ತಿರುಗಿಸಬೇಕು. ಗುಳಿಯಲ್ಲಿ ಮಣ್ಣು ತುಂಬಿರುತ್ತದೆ, ಮೊದಲು ಕೆರೆದು ತೆಗೆಯಿರಿ, ಇಲ್ಲದಿದ್ದರೆ ಕೀ ಅರ್ಧವೇ ಕೂತು ಗುಳಿಯ ಮೂಲೆಗಳನ್ನು ಸವೆಸಿಬಿಡುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿ ಕುಡಿದ ಕಾರುಗಳಲ್ಲಿ ಇದೆಲ್ಲ ಉಪಯೋಗವಾಗದೆ ಕೊನೆಗೆ ಗ್ರೈಂಡರ್ ಹಿಡಿದು ಕತ್ತರಿಸುವುದೇ ಗತಿ. ಹಳೆಯದು ಹೇಗೂ ಗುಜರಿಗೆ, ಬೇಸರವೇನಿಲ್ಲ. ಕಿಡಿ ಮಾತ್ರ ಬ್ರೇಕ್ ಹೋಸಿನ ಮೇಲೆ, ಎಬಿಎಸ್ ವೈರಿನ ಮೇಲೆ ಬೀಳದಂತೆ ಒದ್ದೆ ಬಟ್ಟೆ ಹೊದಿಸಿ. ಗ್ಯಾಸ್ ಬೆಂಕಿ ಹಿಡಿಯುವುದು ಬೇಡ, ಪಕ್ಕದಲ್ಲೇ ಎಣ್ಣೆ ತುಂಬಿದ ಸ್ಟ್ರಟ್ ಇದೆ.

ಹೊಸದನ್ನು ಕೂರಿಸುವಾಗ ನಟ್ಟನ್ನು ಮೊದಲು ಬೆರಳಿನಿಂದಲೇ ಸುತ್ತಬೇಕು. ಡಬ್ಬಿಯಲ್ಲಿ ಬಂದ ಹೊಸ ನಟ್ಟನ್ನೇ ಹಾಕಿ. ತಾನಾಗಿ ಬಿಚ್ಚಿಕೊಳ್ಳದಂತೆ ಅದರೊಳಗೆ ನೈಲಾನ್ ಬಳೆ ಇರುತ್ತದೆ, ಒಮ್ಮೆ ಬಿಚ್ಚಿದ ನಟ್ಟಿಗೆ ಆ ಹಿಡಿತ ಉಳಿಯುವುದಿಲ್ಲ. ಬಿಗಿತ ಬಹಳಷ್ಟು ಸಣ್ಣ ಕಾರುಗಳಲ್ಲಿ 50 ನ್ಯೂಟನ್ ಮೀಟರ್ ಆಚೀಚೆ. ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿ ಇರುವುದೇ ಅಂತಿಮ. ಗಾಳಿ ಗನ್ನಿನಿಂದ ‘ಘರ್ರ್’ ಎಂದು ಬಿಗಿಯುವ ಅಭ್ಯಾಸ ಇಲ್ಲಿ ಕೆಟ್ಟದ್ದು. ಗೋಲಿ ಗಿರ್ರನೆ ತಿರುಗಿ ಹೊಸ ಟೋಪಿಯ ಅಂಚು ಮೊದಲ ದಿನವೇ ತಿರುಚಿ ಹರಿಯುತ್ತದೆ.

ಡಿ ಬುಷ್‌ಗಳ ಕೆಲಸ ಕಾರಿನಿಂದ ಕಾರಿಗೆ ಬೇರೆ. ಕ್ಲಾಂಪಿನ ಬೋಲ್ಟು ಕೈಗೆ ಸಿಗುವಂತಿದ್ದರೆ ಸುಲಭ. ಕೆಲವು ಕಾರುಗಳಲ್ಲಿ ಸರಳು ಸಬ್‌ಫ್ರೇಮಿನ, ಅಂದರೆ ಇಂಜಿನ್ನಿನ ಕೆಳಗಿನ ಉಪಚೌಕಟ್ಟಿನ, ಮೇಲುಗಡೆ ಮಲಗಿರುತ್ತದೆ. ಸಬ್‌ಫ್ರೇಮನ್ನೇ ಕೆಳಗಿಳಿಸಬೇಕು, ಸ್ಟೀರಿಂಗಿನ ಜೋಡಣೆಯನ್ನೂ ಬಿಡಿಸಬೇಕಾದೀತು. ಅದು ಮನೆಯಂಗಳದ ಕೆಲಸವಲ್ಲ, ಅಂಥಲ್ಲಿ ಗ್ಯಾರೇಜಿನವರು ಕೂಲಿ ಹೆಚ್ಚು ಹೇಳಿದರೆ ಚೌಕಾಸಿ ಮಾಡಬೇಡಿ. ಬುಷ್‌ನಲ್ಲಿ ಒಂದು ಸೀಳು ಇರುತ್ತದೆ, ಅದನ್ನು ಬಿಡಿಸಿಯೇ ಸರಳಿನ ಮೇಲೆ ಕೂರಿಸುವುದು. ಸೀಳು ಮುಂದಕ್ಕೋ ಹಿಂದಕ್ಕೋ ಎಂಬುದು ಹಳೆಯದು ಹೇಗಿತ್ತೋ ಹಾಗೆ. ಸರಳಿನ ಮೇಲಿನ ತುಕ್ಕನ್ನು ಪಾಲಿಷ್ ಕಾಗದದಲ್ಲಿ ಉಜ್ಜಿ ನುಣ್ಣಗೆ ಮಾಡದಿದ್ದರೆ ಅದೇ ಅರದಂತೆ ಹೊಸ ರಬ್ಬರನ್ನು ತಿನ್ನುತ್ತದೆ. ಗ್ಯಾರೇಜಿನ ಡಬ್ಬಿಯಲ್ಲಿರುವ ಹಳದಿ ಗ್ರೀಸನ್ನು ಬಳಿಯುವ ‘ಉಪಕಾರ’ ಬೇಡ ಎಂದು ಮೊದಲೇ ಹೇಳಿಬಿಡಿ. ಪೆಟ್ರೋಲಿಯಂ ಗ್ರೀಸು ನೈಸರ್ಗಿಕ ರಬ್ಬರಿಗೆ ವಿಷ. ಕೂರಿಸಲು ಜಾರಬೇಕಿದ್ದರೆ ಸೋಪಿನ ನೀರು ಸಾಕು. ಪಾಲಿಯುರೆಥೇನ್ ಬುಷ್ ಹಾಕಿಸುವ ಉತ್ಸಾಹಿಗಳಿಗೆ ಮಾತ್ರ ಸಿಲಿಕೋನ್ ಗ್ರೀಸು ಬೇಕು. ಅವು ಹೆಚ್ಚು ಬಾಳುತ್ತವೆ, ಗ್ರೀಸು ಒಣಗಿದಾಗ ಕಿರುಗುಟ್ಟುತ್ತವೆ ಕೂಡ. ದಿನನಿತ್ಯದ ಕಾರಿಗೆ ರಬ್ಬರೇ ವಾಸಿ ಎಂಬುದು ನನ್ನ ಮತ.

ಬಿಚ್ಚಿದ್ದೇವೆ ಹೇಗೂ, ದಪ್ಪದ ಸರಳನ್ನೇ ಹಾಕಿಸಿಬಿಡೋಣ ಎನ್ನುವವರೂ ಇದ್ದಾರೆ. ಮುಂದೆ ಮಾತ್ರ ಬಿಗುವು ಹೆಚ್ಚಿಸಿದರೆ ಕಾರು ತಿರುವಿನಲ್ಲಿ ಮೂತಿ ತಿರುಗಿಸಲು ಹಟ ಹಿಡಿಯುತ್ತದೆ, ಗುಂಡಿಯ ರಸ್ತೆಯಲ್ಲಿ ತಲೆ ಅತ್ತಿತ್ತ ಎಸೆಯುತ್ತದೆ. ಕಲ್ಲುಬಂಡೆ ಹತ್ತುವವರಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಒಂದೊಂದು ಚಕ್ರ ಒಂದೊಂದು ಮಟ್ಟಕ್ಕೆ ಇಳಿಯಬೇಕು, ಅದಕ್ಕೆ ಸರಳೇ ಅಡ್ಡಿ. ಜೀಪ್ ರ್‍ಯಾಂಗ್ಲರ್ ರುಬಿಕಾನ್‌ನಲ್ಲಿ ಗುಂಡಿ ಒತ್ತಿದರೆ ಮುಂದಿನ ಸರಳಿನ ಎರಡು ಅರ್ಧಗಳು ಬೇರ್ಪಡುವ ಏರ್ಪಾಡೇ ಇದೆ.

ಲಿಂಕ್ ಸದ್ದು ಮಾಡುತ್ತಿರುವಾಗ ಓಡಿಸಬಹುದೇ? ಊರೊಳಗೆ, ಭಾಗ ಬರುವವರೆಗೆ, ಓಡಿಸಬಹುದು. ಶಿರಾಡಿಯೋ ಚಾರ್ಮಾಡಿಯೋ ಇಳಿಯುವ ಪ್ರಯಾಣವಿದ್ದರೆ ಮೊದಲು ಹಾಕಿಸಿಯೇ ಹೊರಡಿ. ಸಡಿಲ ಲಿಂಕ್ ಮುರಿದರೆ ಕಾರು ಅಲ್ಲಿಗೆ ನಿಲ್ಲುವುದಿಲ್ಲ ನಿಜ, ಆದರೆ ಥಟ್ಟನೆ ಹೆಚ್ಚು ವಾಲುತ್ತದೆ, ಮುರಿದ ತುಂಡು ಟೈರಿನ ಒಳಗೋಡೆಗೋ ಬ್ರೇಕ್ ಹೋಸಿಗೋ ಉಜ್ಜುವ ಅಪಾಯವೂ ಇದೆ.

ಇನ್ನು ಬಿಲ್ಲು. ಸ್ಟ್ರಟ್ಟಿಗೆ ಜೋಡಿಸಿದ ಬಾಲ್ ಜಾಯಿಂಟ್ ಲಿಂಕ್ ಬದಲಿಸಿದ ಮಾತ್ರಕ್ಕೆ ವ್ಹೀಲ್ ಅಲೈನ್‌ಮೆಂಟ್ ಕೆಡುವುದಿಲ್ಲ, ಏಕೆಂದರೆ ಚಕ್ರದ ಕೋನಗಳನ್ನು ಹಿಡಿದಿಟ್ಟಿರುವುದು ಅದಲ್ಲ. ಬಿಲ್ಲಿನಲ್ಲಿ ಆ ಸಾಲಿದ್ದರೆ ಏಕೆಂದು ಕೇಳುವ ಹಕ್ಕು ನಿಮಗಿದೆ. ಸಬ್‌ಫ್ರೇಮ್ ಇಳಿಸಿದ್ದರೆ ಮಾತ್ರ ಆ ಸಾಲು ನ್ಯಾಯವಾದದ್ದು. 800, ಆಲ್ಟೋಗಳ ಸರಳಿನ ತುದಿಯ ಬುಷ್ ಹಾಕಿಸಿದಾಗಲೂ ಅಷ್ಟೆ, ಅಲೈನ್‌ಮೆಂಟ್ ನೋಡಿಸಲೇಬೇಕು. ಆ ತುದಿಯ ನಟ್ಟನ್ನು ಕೊನೆಯದಾಗಿ ಬಿಗಿಯುವುದು ಕಾರು ನಾಲ್ಕೂ ಚಕ್ರದ ಮೇಲೆ ನಿಂತ ಮೇಲೆ. ಚಕ್ರ ನೇತಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿದ ಭಂಗಿಯಲ್ಲೇ ಸಿಕ್ಕಿಹಾಕಿಕೊಂಡು ಬೇಗ ಹರಿಯುತ್ತದೆ. ಹಳೆಯ ಭಾಗಗಳನ್ನು ಕೇಳಿ ಪಡೆದು, ಲಿಂಕಿನ ಗೋಲಿಯನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ. ಸವೆದದ್ದು ಸಲೀಸಾಗಿ ತೂಗಾಡುತ್ತದೆ. ಬೆರಳಿಗೆ ಬಗ್ಗದೆ ಬಿಗಿಯಾಗಿದ್ದರೆ, ಸದ್ದು ಮಾಡಿದವನು ಇನ್ನೂ ಕಾರಿನಡಿಯಲ್ಲೇ ಇದ್ದಾನೆ.